ಕೆಂಚನ ಸುಸ್ತು

ಬೆಕ್ಕಿಗೆ ಸುಸ್ತಾಗಿದೆಯೇ ಎಂದು ಪತ್ತೆ ಹಚ್ಚುವುದು, ನಿವೃತ್ತರಾದ ದೊಡ್ಡಪ್ಪ ಇವತ್ತು ರಜೆ ಹಾಕಿದ್ದಾರೆಯೇ ಎಂದು ಪತ್ತೆ ಹಚ್ಚಿದಷ್ಟೇ ಕಷ್ಟ. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಹೊಡೆಯುವುದು ಬೆಕ್ಕಿನ ಕುಲಕಸುಬು. ನಸುಕು ಮತ್ತು ಮುಸ್ಸಂಜೆ ಬೇಟೆಯ ಹೊತ್ತು. ಉಳಿದದ್ದೆಲ್ಲ ಅದಕ್ಕಾಗಿ ಶಕ್ತಿಯ ಉಳಿತಾಯ. ನಮ್ಮ ಕೆಂಚನ ಬೇಟೆ ಅಡುಗೆಮನೆಯ ಕಟ್ಟೆಯಿಂದಾಚೆ ಹೋಗುವುದು ಅಪರೂಪ. ಆದರೂ ಉಳಿತಾಯದಲ್ಲಿ ಅವನು ಯಾವತ್ತೂ ಕೊರತೆ ಮಾಡಿದವನಲ್ಲ.

ಇಂಥವನಿಗೆ ಹುಷಾರಿಲ್ಲವೆಂದು ಗೊತ್ತಾದದ್ದು ಮೀನಿನವನ ಹಾರ್ನಿನಿಂದ. ನಮ್ಮ ಕರಾವಳಿಯಲ್ಲಿ ಸ್ಕೂಟರಿಗೆ ಪೆಟ್ಟಿಗೆ ಕಟ್ಟಿಕೊಂಡು ಬರುವ ಮೀನಿನವನು ತಿರುವಿನಲ್ಲಿ ‘ಪೋಂ’ ಅನ್ನಿಸುವುದೇ ತಡ, ಎಲ್ಲಿ ಬಿದ್ದುಕೊಂಡಿದ್ದರೂ ಕೆಂಚ ಗೇಟಿನ ಕಂಬದ ಮೇಲೆ ಹಾಜರು. ಅವತ್ತು ಪೋಂ ಆಯಿತು, ಮತ್ತೊಮ್ಮೆ ಆಯಿತು, ಬಂಗುಡೆ ಪಾತ್ರೆಗೂ ಬಿತ್ತು. ಕಂಬ ಖಾಲಿ! ಹುಡುಕಿದರೆ ಮಂಚದಡಿ, ಹಳೇ ಟ್ರಂಕಿನ ಹಿಂದೆ ಮುದುಡಿ ಕೂತಿದ್ದ. ನಿದ್ದೆ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದ. ನೆಕ್ಕಿಕೊಳ್ಳದೆ ರೋಮ ಕೆದರಿತ್ತು. ಬಂಗುಡೆಯ ತಲೆ ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿಬಿಟ್ಟ.

ಅಮ್ಮ ‘ದೃಷ್ಟಿ ತಾಗಿದೆ’ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು, ಕೆಂಚ ಕದಲಲಿಲ್ಲ. ದೊಡ್ಡಪ್ಪ ಅವನ ಮೂಗು ಮುಟ್ಟಿ, ‘ಒಣಗಿದೆ, ಜ್ವರವೇ ಸೈ. ಅರ್ಧ ಪ್ಯಾರಾಸಿಟಮಾಲ್ ಅರೆದು ಹಾಲಿಗೆ ಹಾಕು ಮಾರಾಯ’ ಎಂದರು. ಅವರ ವೈದ್ಯಶಾಸ್ತ್ರದಲ್ಲಿ ಮನುಷ್ಯ, ದನ, ಬೆಕ್ಕು ಎಲ್ಲಕ್ಕೂ ಮದ್ದು ಒಂದೇ, ಪ್ರಮಾಣ ಮಾತ್ರ ಬೇರೆ. ನಾನು ಕೆಂಚನನ್ನು ಬುಟ್ಟಿಗೆ ಹಾಕಿ ಪಶು ಆಸ್ಪತ್ರೆಗೆ ಹೊರಟೆ.

ಡಾಕ್ಟರು ಮೊದಲು ತುಟಿ ಎತ್ತಿ ವಸಡು ನೋಡಿದರು. ಬಿಳಚಿದ್ದರೆ ರಕ್ತ ಕಡಿಮೆ, ಹಳದಿಯಾಗಿದ್ದರೆ ಕಾಮಾಲೆ. ಇವನದು ಗುಲಾಬಿಯಾಗಿಯೇ ಇತ್ತು. ಆಮೇಲೆ ಬಾಲ ಎತ್ತಿ ಥರ್ಮಾಮೀಟರ್ ಇಟ್ಟರು. ಕೆಂಚ ಅವತ್ತು ಚೈತನ್ಯ ತೋರಿಸಿದ್ದು ಆಗಲೇ. 104 ಡಿಗ್ರಿ! ಬೆಕ್ಕಿಗೆ 100.5ರಿಂದ 102.5 ಫ್ಯಾರನ್‌ಹೀಟ್ ಸಹಜ. ಬಾಲದ ಬುಡದಲ್ಲಿ ಬೆರಳಾಡಿಸಿದಾಗ ಎಳ್ಳಿನಷ್ಟು ಹಕ್ಕಳೆ ಸಿಕ್ಕಿತು, ಅದರಡಿಯಲ್ಲಿ ಊತ. ಇನ್ನೊಂದು ಗಂಡುಬೆಕ್ಕು ಕಚ್ಚಿದ್ದು. ಮೊನಚು ಹಲ್ಲಿನ ಗಾಯ ಮೇಲೆ ಬೇಗ ಮುಚ್ಚಿಕೊಂಡು, ಒಳಗೆ ಕೀವು ತುಂಬಿ ಜ್ವರ ಬರುತ್ತದಂತೆ.

‘ಕಾದಾಡಿದವನಿಗೆ ಮುಖದ ಮೇಲೆ ಗಾಯ ಆಗುತ್ತದೆ. ಬಾಲದ ಹತ್ತಿರ ಆಗಿದೆ ಎಂದರೆ ಓಡಿ ಬರುತ್ತಿದ್ದ’ ಎಂದರು ಡಾಕ್ಟರು. ಬೀದಿಗೇ ಹುಲಿಯೆಂದು ನಾವು ಕಟ್ಟಿದ್ದ ಕೆಂಚನ ಪುರಾಣ ಅಲ್ಲಿಗೆ ಮುಗಿಯಿತು.

ಪ್ಯಾರಾಸಿಟಮಾಲ್ ವಿಷಯ ಎತ್ತಿದಾಗ ಅವರ ನಗು ಮಾಯವಾಯಿತು. ಅದನ್ನು ನಿರಪಾಯ ಮಾಡಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು; ಅರ್ಧ ಮಾತ್ರೆಯೂ ಪ್ರಾಣಕ್ಕೆ ಎರವಾಗಬಹುದು. ಒಣ ಮೂಗಿನಿಂದ ಏನೂ ಸಾಬೀತಾಗುವುದಿಲ್ಲ. ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, ವಾಸಿಯಾದ ಮೇಲೆ ಸಂತಾನಹರಣ ಮಾಡಿಸಿದರೆ ಜಗಳ ಕಡಿಮೆಯಾಗುತ್ತದೆ ಎಂದರು. ದೊಡ್ಡಪ್ಪ ಇದನ್ನು ಇಡೀ ಗಂಡುಕುಲದ ಮೇಲಿನ ದಾಳಿಯೆಂದೇ ತಿಳಿದಿದ್ದಾರೆ.

ನಿಮ್ಮ ಮನೆಯ ಬೆಕ್ಕು ಎಷ್ಟು ಹೊತ್ತು ಮಲಗಿತೆಂದು ಲೆಕ್ಕ ಇಡಬೇಡಿ, ಯಾವ ತಂಟೆ ಬಿಟ್ಟಿದೆ ನೋಡಿ. ಒಂದು ದಿನ ಪೂರ್ತಿ ಊಟ ಮುಟ್ಟದಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಗಂಡುಬೆಕ್ಕು ಮೂತ್ರ ಬಾರದೆ ತಿಣುಕುತ್ತಿದ್ದರೆ ಅಷ್ಟೂ ಕಾಯಬೇಡಿ, ಆಗಲೇ ಹೊರಡಿ.