ಉಪ್ಪುನೀರಿನ ಪಂಡಿತರು

ವೈರಿಲ್ಲದ ಡ್ರಿಲ್ ಬಂದಮೇಲೆ ಬಡಗಿಗಳಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹುಡುಕುವ ಕೆಲಸ ತಪ್ಪಿತು; ಚಾರ್ಜರ್ ಹುಡುಕುವ ಕೆಲಸ ಶುರುವಾಯಿತು. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ತಂದ ಡ್ರಿಲ್ಲಿನಲ್ಲಿದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದನ್ನು ಆಗಾಗ ಪೂರ್ತಿ ಖಾಲಿ ಮಾಡಬೇಕೆಂಬ ಹಳಬರ ಮಾತು ಈಗಿನ ಲಿಥಿಯಂ ಬ್ಯಾಟರಿಗೂ ಅಂಟಿಕೊಂಡಿದೆ. ಪಾಪ, ಲಿಥಿಯಂಗೆ ನಿರ್ಜಲ ಉಪವಾಸ ಒಗ್ಗುವುದಿಲ್ಲ.

18 ವೋಲ್ಟಿನ ಚಿಕ್ಕ ಪ್ಯಾಕಿನೊಳಗೆ ಸಾಲಾಗಿ ಐದು ಸೆಲ್, ಒಂದೊಂದೂ 3.6 ವೋಲ್ಟ್. ಅಮೆರಿಕದಲ್ಲಿ ‘20 ವೋಲ್ಟ್ ಮ್ಯಾಕ್ಸ್’ ಎಂದು ಮಾರುವುದೂ ಇದೇ ಐದನ್ನೇ. ಅಂಗಡಿ ಗಣಿತಕ್ಕೆ ಯಾವ ಮೇಷ್ಟರೂ ಸಾಟಿಯಲ್ಲ!

ಹಳೇ ಪ್ಯಾಕ್ ಎಸೆಯುವ ಮುನ್ನ ಅದರ ಚಾರ್ಜ್ ಇಳಿಸಲು ಊರಿಗೊಬ್ಬ ಪಂಡಿತ. ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಎನ್ನುತ್ತಾನೆ. ಹಾಕಿದರೆ ಬುಳುಬುಳು ಗುಳ್ಳೆ, ಪಂಡಿತ ಹಿಗ್ಗುತ್ತಾನೆ. ಆ ಗುಳ್ಳೆಯಲ್ಲಿರುವುದು ಹೈಡ್ರೋಜನ್, ಬೆಂಕಿ ಹತ್ತುವ ಅನಿಲ. ಅಷ್ಟರಲ್ಲಿ ತುದಿಯ ಲೋಹ ಸವೆದು ಸಂಪರ್ಕ ಕಡಿದರೆ ಒಳಗಿನ ಚಾರ್ಜ್ ಹಾಗೇ ಉಳಿಯುತ್ತದೆ. ಮೊಳೆ ಇಟ್ಟು ಶಾರ್ಟ್ ಮಾಡುವ ಶೂರರ ಸುದ್ದಿಯೇ ಬೇಡ.

ಅದೇ ಕಂಪನಿಯ ಲೈಟಿಗೆ ಸಿಕ್ಕಿಸಿ, ತಾನಾಗಿ ಆರುವವರೆಗೆ ಕಣ್ಣೆದುರೇ ಉರಿಯಲು ಬಿಟ್ಟು, ತುದಿಗೆ ಟೇಪ್ ಸುತ್ತಿದರೆ ಸಾಕು. ಉಬ್ಬಿದ ಪ್ಯಾಕಿಗೆ ಮಾತ್ರ ಈ ಸೇವೆಯೂ ಸಲ್ಲದು.

2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದು. ಹಿಂದಿರುಗಿಸಲು ಹೋದವರಿಗೆ ಕೌಂಟರಿನಲ್ಲಿ ಮೊದಲು ಸಿಗುವುದು ಹೊಸ ಪ್ಯಾಕಿನ ರೇಟು.