ಕಲ್ಯಾಣಋಣ ಮೀಮಾಂಸೆ: ತಿಮ್ಮಪ್ಪನ ಸಾಲವೂ ಗೃಹಸ್ಥನ ಕಂತೂ

ಗೃಹಸ್ಥನು ಸಾಲವನ್ನು ಹೇಗೆ ಮಾಡಬೇಕು, ಮಾಡಿದ ಮೇಲೆ ಅದರೊಡನೆ ಹೇಗೆ ಬಾಳಬೇಕು ಎಂಬ ಪ್ರಶ್ನೆಗಳಿಗೆ ಬ್ಯಾಂಕಿನ ಅರ್ಜಿ ನಮೂನೆಗಳಲ್ಲಿ ದೊರೆಯದ ಉತ್ತರವು ವೇಂಕಟಾಚಲ ಮಾಹಾತ್ಮ್ಯದಲ್ಲಿ, ಎಂದರೆ ತಿರುಪತಿಯ ಸ್ಥಳಪುರಾಣದಲ್ಲಿ, ದೊರೆಯುತ್ತದೆ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ, ಎಂದರೆ ಸಾಧಿಸಿ ತೋರಿಸಬೇಕಾದ ಮಾತು. ಭೃಗುವಿನ ಒದೆತದಿಂದ ಮುನಿದ ಲಕ್ಷ್ಮಿಯು ಕೊಲ್ಹಾಪುರಕ್ಕೆ ಹೊರಟುಹೋದ ಮೇಲೆ ಬೆಟ್ಟ ಸೇರಿದ ಶ್ರೀನಿವಾಸನು, ಎಂದರೆ ನಮ್ಮ ತಿಮ್ಮಪ್ಪನು, ಆಕಾಶರಾಜನ ಮಗಳಾದ ಪದ್ಮಾವತಿಯನ್ನು ವರಿಸಲು ಕೈಯಲ್ಲಿ ಕಾಸಿಲ್ಲದೆ, ಕಲಿಯುಗದ ಕೊನೆಗೆ ತೀರಿಸುವ ಮಾತು ಕೊಟ್ಟು ಕುಬೇರನಲ್ಲಿ ಸಾಲವೆತ್ತಿದನು. ಮೊತ್ತದ ವಿಷಯದಲ್ಲಿ ಪಾಠಾಂತರಗಳಿದ್ದರೂ, ಸಾಲಪತ್ರಕ್ಕೆ ಬ್ರಹ್ಮ, ಶಿವ ಮತ್ತು ಒಂದು ಅಶ್ವತ್ಥವೃಕ್ಷ ಸಾಕ್ಷಿಗಳಾಗಿದ್ದರೆಂಬುದು ಪ್ರಸಿದ್ಧ. ಸಂಪತ್ತಿನ ಒಡತಿಯೇ ಮನೆಬಿಟ್ಟಿರುವಾಗ ಇನ್ನೊಂದು ಮದುವೆಗೆ ಸಾಲ ಹುಟ್ಟುವುದು ದೇವರಿಗೆ ಮಾತ್ರ. ಶಾಖೆಗಳ ಲೆಕ್ಕದಲ್ಲಿ ಅರಳಿಮರವು ಯಾವ ಬ್ಯಾಂಕಿಗೂ ಕಡಿಮೆಯಿಲ್ಲದಿದ್ದರೂ ಅದರ ಸಹಿಯನ್ನು ಒಪ್ಪುವ ಮ್ಯಾನೇಜರು ಇನ್ನೂ ನೇಮಕಗೊಂಡಿಲ್ಲ.

ಬಡ್ಡಿಯ ವಿಚಾರ ಇದಕ್ಕಿಂತ ಗಹನವಾದುದು. ಧರ್ಮಶಾಸ್ತ್ರವು ‘ವೃದ್ಧಿ’ ಎಂದು ಕರೆಯುವ ಬಡ್ಡಿಯನ್ನು ಮನುವು ವಸಿಷ್ಠನ ಮತದಂತೆ ತಿಂಗಳಿಗೆ ಅಸಲಿನ 80ರಲ್ಲಿ ಒಂದು ಪಾಲು, ಎಂದರೆ ವರ್ಷಕ್ಕೆ ಶೇಕಡ 15 ಎಂದು ನಿಗದಿ ಮಾಡಿ, ಒಮ್ಮೆಗೇ ವಸೂಲು ಮಾಡುವಾಗ ಅಸಲು ಬಡ್ಡಿ ಸೇರಿ ಅಸಲಿನ ಇಮ್ಮಡಿಯನ್ನು ದಾಟಕೂಡದೆಂಬ ದ್ವೈಗುಣ್ಯದ ಕಟ್ಟನ್ನೂ ಹಾಕಿದ್ದಾನೆ. ಈ ಲೆಕ್ಕದಲ್ಲಿ ಕುಬೇರನ ಬಡ್ಡಿಯು 80 ತಿಂಗಳಿಗೆ, ಎಂದರೆ ಮದುವೆಯಾದ 6 ವರ್ಷ 8 ತಿಂಗಳಿಗೆ ನಿಂತುಹೋಗಬೇಕಾಗಿತ್ತು. ಶ್ರೀನಿವಾಸನು ಕಾಡುಬೆಟ್ಟದ ನಿವಾಸಿಯಾದ್ದರಿಂದ, ಯಾಜ್ಞವಲ್ಕ್ಯನು ‘ಕಾಂತಾರಗ’ರಿಗೆ, ಎಂದರೆ ಕಾಡು ಹಾದು ವ್ಯಾಪಾರಕ್ಕೆ ಹೋಗುವವರಿಗೆ ವಿಧಿಸಿದ ತಿಂಗಳಿಗೆ ಶೇಕಡ 10ರ ದರವೇ ಸಲ್ಲಬೇಕೆಂದು ವಾದಿಸಬಹುದು, ಆದರೆ ಹಾಗೆ ಹಿಡಿದರೆ 10 ತಿಂಗಳಿಗೇ ಇಮ್ಮಡಿ ತುಂಬಿಬಿಡುವುದರಿಂದ ಕುಬೇರನ ಕಡೆಯವರು ಈ ವಾದವನ್ನು ಎತ್ತದಿರುವುದೇ ಕ್ಷೇಮ.

ಹಾಗಿದ್ದೂ ಈ ಸಾಲದ ಬಡ್ಡಿಗೆಂದು ಭಕ್ತರು ಕಾಣಿಕೆ ಹಾಕುವ ತಿಮ್ಮಪ್ಪನ ಹುಂಡಿ ತುಂಬುತ್ತಲೇ ಇರುವುದೇಕೆ? ಇಮ್ಮಡಿಯ ಮಿತಿಯು ಒಂದೇ ಗಂಟಾಗಿ ಪಡೆಯುವ ಬಡ್ಡಿಗೆ ಮಾತ್ರ, ಆಗಾಗ ಕಟ್ಟಿಸಿಕೊಳ್ಳುವ ಬಡ್ಡಿಗೆ ಅಲ್ಲ ಎಂಬ ವ್ಯಾಖ್ಯಾನಕಾರರ ಮತದಲ್ಲಿ ಇದರ ಗುಟ್ಟು ಅಡಗಿದೆ. ತಮ್ಮನಾದ ಶ್ರೀನಿವಾಸನ ಹಣವನ್ನು ಅಳೆದಳೆದು ದಣಿದ ಗೋವಿಂದರಾಜನು ತಿರುಪತಿಯಲ್ಲಿ ಕೊಳಗವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದಾನೆಂಬ ಐತಿಹ್ಯವು ಪಾವತಿಯು ಕಂತುಗಳಲ್ಲೇ ನಡೆದಿದೆ ಎಂಬುದಕ್ಕೆ ಬಲವಾದ ಪ್ರಮಾಣ. ಶೇಕಡ 9ರ ದರದಲ್ಲಿ 20 ವರ್ಷಕ್ಕೆ ಮನೆಸಾಲ ಪಡೆದ ಬೆಂಗಳೂರಿನ ಗೃಹಸ್ಥನು ಕಟ್ಟುವ ಬಡ್ಡಿ ಅಸಲನ್ನೇ ಮೀರುವುದೂ ಇದೇ ಶಾಸ್ತ್ರದ ಬಲದಿಂದ. ಅವನು ಇದನ್ನರಿಯದೆ ಬ್ಯಾಂಕನ್ನು ಶಪಿಸುವುದು ಸ್ವಾಧ್ಯಾಯದ ಕೊರತೆಯಷ್ಟೇ.

ತೀರಿಸಬೇಕಾದವರು ಯಾರೆಂಬುದು ಉಳಿದ ಪ್ರಶ್ನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯನ ವಿಧಿಯಂತೆ ಋಣವು ಮಗನಿಗೂ ಮೊಮ್ಮಗನಿಗೂ ಅಂಟುತ್ತದೆ. ಆದರೆ ಕುಡಿತ, ಕಾಮ, ಜೂಜಿಗಾಗಿ ಮಾಡಿದ ಸಾಲವನ್ನೂ ಬಾಕಿಯುಳಿದ ದಂಡವನ್ನೂ ಮಗ ತೀರಿಸಬೇಕಾಗಿಲ್ಲ. ಬೇಟೆಗೆ ಹೋದಲ್ಲಿ ಕಂಡು ಮೋಹಿಸಿದ ಪದ್ಮಾವತಿಗಾಗಿ ಮಾಡಿದ ಸಾಲ ಕಾಮಕೃತವೇ ಅಲ್ಲವೇ ಎಂದು ಪೂರ್ವಪಕ್ಷಿಯು, ಎಂದರೆ ಎದುರುವಾದಿಯು ಕೇಳಿಯಾನು. ಕ್ಷೌರಕ್ಕೆ ತಲೆಯೊಡ್ಡಿ ಕುಳಿತ ಭಕ್ತನ ಬಳಿ ಇದನ್ನು ಕೇಳುವ ಧೈರ್ಯ ಅವನಿಗಿಲ್ಲವಾದ್ದರಿಂದ ಆಕ್ಷೇಪವು ಬಿದ್ದುಹೋಗುತ್ತದೆ.

ಕನ್ನಡನಾಡಿನ ಮನೆಗಳಲ್ಲಿ ಈ ಋಣದ ಶಾಖಾ ಕಚೇರಿಯೆಂದರೆ ಮುಡಿಪು, ಎಂದರೆ ತಿಮ್ಮಪ್ಪನ ಹರಕೆಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರಗೂಡಿನಲ್ಲಿಟ್ಟ ಹಣ. ತಿಂಗಳ ಕೊನೆಯಲ್ಲಿ ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತು ಚಿಲ್ಲರೆ ಕೇಳಿದಾಗ ಗೃಹಿಣಿಯು ಕೈಮುಗಿದು ಗಂಟು ಬಿಚ್ಚಿ, ತೆಗೆದದ್ದೆಷ್ಟೆಂದು ಕ್ಯಾಲೆಂಡರಿನ ಹಾಳೆಯ ಚೂರಿನಲ್ಲಿ ಬರೆದಿಟ್ಟು, ಸಂಬಳ ಬಂದ ಕೂಡಲೇ 11 ರೂಪಾಯಿ ಮೇಲೆ ಸೇರಿಸಿ ಮತ್ತೆ ಕಟ್ಟುತ್ತಾಳೆ. ಹೀಗೆ ಸಾಲಗಾರನಾದ ದೇವರೇ ಸಾಲಿಗನಾಗುವಲ್ಲಿ ಆ 11 ರೂಪಾಯಿ ವೃದ್ಧಿಯೋ ದಂಡವೋ ಎಂಬುದು ಸೂಕ್ಷ್ಮ ವಿಷಯ: ವೃದ್ಧಿಯಾದರೆ ಅದರ ಬಾಕಿ ಮಕ್ಕಳಿಗೂ ಅಂಟುತ್ತದೆ, ದಂಡವಾದರೆ ಆಕೆಯೊಡನೆಯೇ ಮುಗಿಯುತ್ತದೆ. ಮಿತಾಕ್ಷರವನ್ನು ಓದದ ಗೃಹಿಣಿಯು ಚೀಟಿಯ ಮೇಲೆ ‘ತಪ್ಪುಕಾಣಿಕೆ’ ಎಂದೇ ಬರೆಯುತ್ತಾಳೆ.