ಧರ್ಮಾಸ್ಪತ್ರೆಗಳ ಬಾಡಿಗೆ ಬಾಕಿ: ಮಾಲೀಕರ ಬಹಿರಂಗ ಪತ್ರ

ಗೆ,
ಧರ್ಮದರ್ಶಿಗಳು ಮತ್ತು ಆಡಳಿತ ಮಂಡಳಿಗಳು,
ಸರ್ಕಾರಿ ಜಮೀನಿನಲ್ಲಿ, ತೆರಿಗೆ ವಿನಾಯಿತಿಯಲ್ಲಿ ನಡೆಯುತ್ತಿರುವ ಸಮಸ್ತ ಆಸ್ಪತ್ರೆಗಳು.

ವಿಷಯ: ಬಾಡಿಗೆ ಬಾಕಿ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಆಸ್ಪತ್ರೆ ಕಟ್ಟಿಕೊಂಡಿರುವ ಜಮೀನಿನ ಮಾಲೀಕರು ಇನ್ನೂ ಬದುಕಿದ್ದಾರೆ. ಮಾಲೀಕರೆಂದರೆ ಯಾವುದೋ ಇಲಾಖೆಯ ಕಾರ್ಯದರ್ಶಿ ಅಂದುಕೊಳ್ಳಬೇಡಿ. ಕೋಳಿ ಕೂಗುವ ಮುಂಚೆ ಎದ್ದು ಬಸ್ಸು ಹಿಡಿದು, ಬುತ್ತಿ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ಸಾಲು ನಿಲ್ಲುತ್ತಾರಲ್ಲ, ಅವರು. ಸರ್ಕಾರ ಅವರ ಪರವಾಗಿ ಕರಾರಿಗೆ ಸಹಿ ಹಾಕಿತು, ಅಷ್ಟೆ. ಮಾಲೀಕರೇ ಬಾಡಿಗೆದಾರರ ಸೆಕ್ಯುರಿಟಿಯವನಿಗೆ ಕೈಮುಗಿದು ಒಳಗೆ ಬಿಡಪ್ಪಾ ಎನ್ನಬೇಕಾದ ಪದ್ಧತಿ ಈ ದೇಶದಲ್ಲಿ ಹೇಗೆ ಶುರುವಾಯಿತೋ, ತಾವೇ ಬಲ್ಲಿರಿ.

ಕರಾರುಗಳಲ್ಲೆಲ್ಲ ಸೊಗಸಾದದ್ದು ದೆಹಲಿಯ ಇಂದ್ರಪ್ರಸ್ಥ ಅಪೋಲೋ ಆಸ್ಪತ್ರೆಯದು. ಸರಿತಾ ವಿಹಾರದಲ್ಲಿ 15 ಎಕರೆ, ಸಾಂಕೇತಿಕ ಬಾಡಿಗೆ 1 ರೂಪಾಯಿ. ಇದು ಟ್ರಸ್ಟ್ ಅಲ್ಲ, ದೆಹಲಿ ಸರ್ಕಾರ ಶೇ 26 ಪಾಲು ಹೊಂದಿರುವ ಜಂಟಿ ಕಂಪನಿ. ಆದರೆ ಜಮೀನು ಪಡೆಯುವಾಗ ಆಡಿದ್ದು ಧರ್ಮದ ಮಾತನ್ನೇ. ಹಾಸಿಗೆಗಳಲ್ಲಿ ಮೂರನೇ ಒಂದು ಭಾಗ, ಅಂದರೆ 600ರಲ್ಲಿ 200, ಬಡವರಿಗೆ ಮೀಸಲು. ಹೊರರೋಗಿಗಳಲ್ಲೂ ಶೇ 40 ಮಂದಿಗೆ ಉಚಿತ. ಆಸ್ಪತ್ರೆ 1996ರಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ವಕೀಲರ ಸಂಘವೊಂದು ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಅಲ್ಲಿ ನಡೆದ ವಾದವನ್ನು ಮಾಲೀಕರು ಮೆಚ್ಚದೆ ಇರಲಾರರು. ಆಸ್ಪತ್ರೆಯ ಲೆಕ್ಕದಲ್ಲಿ ಹಾಸಿಗೆ ಉಚಿತ, ಊಟ ಉಚಿತ, ವೈದ್ಯರು ಬಂದು ನಾಡಿ ಹಿಡಿಯುವುದೂ ಉಚಿತ. ಔಷಧಿ ಮತ್ತು ಚಿಕಿತ್ಸೆಗೆ ಬಳಸುವ ಸಾಮಗ್ರಿಗೆ ಮಾತ್ರ ರೋಗಿ ದುಡ್ಡು ಕೊಡಬೇಕು. ಸಿರಿಂಜು, ಕೈಗವಸು, ಗ್ಲೂಕೋಸ್ ಬಾಟಲಿ, ಹೃದಯಕ್ಕೆ ಕೂರಿಸುವ ಸ್ಟೆಂಟು, ಎಲ್ಲವೂ ಸಾಮಗ್ರಿಯೇ. ಹಾಗಾಗಿ ಬಡವ ಬಂದು ಅಂಗಾತ ಮಲಗಿ, ಊಟ ಮಾಡಿ, ಎದೆನೋವನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. 2009ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಒಪ್ಪದೆ, ಔಷಧಿ ಮತ್ತು ಸಾಮಗ್ರಿಯೂ ಸೇರಿದರೇ ಅದು ಉಚಿತ ಚಿಕಿತ್ಸೆ ಎಂದಿತು. ಆಸ್ಪತ್ರೆ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಸೂರ್ಯಕಾಂತ್ ಅವರ ಪೀಠದ ಮುಂದೆ ವಿಷಯ ಮತ್ತೆ ಬಂದಾಗ, 30 ವರ್ಷದ ಗುತ್ತಿಗೆ 2023ಕ್ಕೇ ಮುಗಿದಿತ್ತು. ಬಡವರಿಗೆ ಉಚಿತವಾಗಿ ನೋಡದಿದ್ದರೆ ಆಸ್ಪತ್ರೆಯನ್ನು ಏಮ್ಸ್‌ಗೆ ವಹಿಸುತ್ತೇವೆ ಎಂದು ಪೀಠ ಗದರಿತು. ಐದು ವರ್ಷದ ದಾಖಲೆ ತೋರಿಸಿ ಎಂದಿತು. ಸರ್ಕಾರವೂ ಲಾಭದ ಪಾಲುದಾರ ಎಂದು ಆಸ್ಪತ್ರೆಯ ವಕೀಲರು ನೆನಪಿಸಿದರು. ಬಡವರನ್ನು ನೋಡಿಕೊಳ್ಳುವ ಬದಲು ಸರ್ಕಾರ ಲಾಭ ಎಣಿಸುತ್ತಿದ್ದರೆ ಅದು ದುರದೃಷ್ಟಕರ ಎಂದು ನ್ಯಾಯಮೂರ್ತಿಗಳು ಹೇಳಿದರು. ಜಮೀನು ಕೊಟ್ಟವರು, ಲಾಭದ ಪಾಲುದಾರರು, ಕರಾರು ಪಾಲನೆಯಾಗಿದೆಯೇ ಎಂದು ನೋಡಬೇಕಾದವರು, ಮೂವರೂ ಒಬ್ಬರೇ ಆದರೆ ಹದ್ದಿನ ಕಣ್ಣಿಗೂ ಪೊರೆ ಬರುತ್ತದೆ.

ದೆಹಲಿಯ ಉಳಿದ ಆಸ್ಪತ್ರೆಗಳ ಕಥೆ ಚಿಕ್ಕದು. ಅಗ್ಗದ ದರದಲ್ಲಿ ಜಮೀನು ಪಡೆದವರು ಒಳರೋಗಿಗಳಲ್ಲಿ ಶೇ 10, ಹೊರರೋಗಿಗಳಲ್ಲಿ ಶೇ 25 ಮಂದಿ ಬಡವರಿಗೆ ಉಚಿತ ಚಿಕಿತ್ಸೆ ಕೊಡಬೇಕೆಂದು 2007ರಲ್ಲಿ ಹೈಕೋರ್ಟ್ ಹೇಳಿತು. 2016ರಲ್ಲಿ ದೆಹಲಿ ಸರ್ಕಾರ ಐದು ಆಸ್ಪತ್ರೆಗಳಿಗೆ ಒಟ್ಟು 600 ಕೋಟಿ ರೂಪಾಯಿಗೂ ಹೆಚ್ಚು ಕಟ್ಟುವಂತೆ ನೋಟಿಸು ಕೊಟ್ಟಿತು. ಬಡವರಿಗೆ ಕೊಡದೆ ಉಳಿಸಿಕೊಂಡ ಲಾಭ ಅಷ್ಟು ಎಂಬುದು ಅದರ ಲೆಕ್ಕ. ಮೂಲ್‌ಚಂದ್ ಮುಂತಾದ ಟ್ರಸ್ಟ್‌ಗಳ ಪ್ರಕರಣದಲ್ಲಿ ಇಂಥ ಷರತ್ತು ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬ ವಾದವೂ ಬಂತು. ಜಮೀನು ಸಿಗುವವರೆಗೆ ಸೇವೆಯಾಗಿದ್ದದ್ದು ಸಿಕ್ಕ ಮೇಲೆ ವೃತ್ತಿಯಾದದ್ದು ಹೀಗೆ. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು.

ಮಹಾರಾಷ್ಟ್ರದ ಬಾಡಿಗೆದಾರರ ಪಾಡು ಇನ್ನೂ ಬಿಗಿ. ಅಲ್ಲಿ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಎಂಬ ಕಲಮು ಇದೆ. ಅದರಡಿ ಬಂದ ಯೋಜನೆಯಂತೆ ದತ್ತಿ ಆಸ್ಪತ್ರೆಗಳು ಶೇ 10 ಹಾಸಿಗೆ ನಿರ್ಗತಿಕರಿಗೆ ಪೂರ್ತಿ ಉಚಿತವಾಗಿ, ಇನ್ನು ಶೇ 10 ಹಾಸಿಗೆ ದುರ್ಬಲ ವರ್ಗಕ್ಕೆ ರಿಯಾಯಿತಿಯಲ್ಲಿ ಕೊಡಬೇಕು. ಬಿಲ್ಲಿನ ಶೇ 2ರಷ್ಟನ್ನು ಬಡರೋಗಿ ನಿಧಿಗೆ ಎತ್ತಿಡಬೇಕು. ತುರ್ತಾಗಿ ಬಂದವರನ್ನು ಮೊದಲು ಸೇರಿಸಿಕೊಳ್ಳಬೇಕು, ದುಡ್ಡಿನ ಮಾತು ಆಮೇಲೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಷ್ಟೋ ಮನೆಗಳವರು ದೊಡ್ಡ ಕಾಯಿಲೆ ಬಂದರೆ ಮೀರಜ್, ಪುಣೆ, ಮುಂಬೈ ದಾರಿ ಹಿಡಿಯುವುದರಿಂದ ಇದು ಪರರಾಜ್ಯದ ಸುದ್ದಿಯೇನಲ್ಲ.

2025ರ ಮಾರ್ಚ್ ಕೊನೆಯಲ್ಲಿ ಪುಣೆಯ ದೀನಾನಾಥ್ ಮಂಗೇಶ್ಕರ್ ಆಸ್ಪತ್ರೆಗೆ ಅವಳಿ ಮಕ್ಕಳನ್ನು ಹೊತ್ತ ಗರ್ಭಿಣಿಯೊಬ್ಬರು ಬಂದರು. 10 ಲಕ್ಷ ರೂಪಾಯಿ ಮುಂಗಡ ಎಂದು ಬರೆದ ಕಾಗದ ಮನೆಯವರ ಕೈಗೆ ಬಂತು. ಅವರು ಬೇರೆಡೆಗೆ ಹೋಗಬೇಕಾಯಿತು. ಮಕ್ಕಳು ಹುಟ್ಟಿದವು, ತಾಯಿ ಉಳಿಯಲಿಲ್ಲ.

ಆಮೇಲೆ ನಡೆದ ಪತ್ರಿಕಾಗೋಷ್ಠಿಯಲ್ಲಿ ಆಸ್ಪತ್ರೆಯ ಹಿರಿಯರು, ಹೀಗೆ ಕಾಗದದ ಮೇಲೆ ಮುಂಗಡ ಬರೆಯುವ ರೂಢಿ ತಮ್ಮಲ್ಲಿಲ್ಲ, ಆ ದಿನ ವೈದ್ಯರ ತಲೆಯಲ್ಲಿ ರಾಹು ಕೇತು ಹೊಕ್ಕಿರಬೇಕು ಎಂಬರ್ಥದ ಮಾತಾಡಿದರು. ಮಾಲೀಕರು ಇದನ್ನು ವಿನಯದಿಂದ ಗಮನಿಸಿದ್ದಾರೆ. ಇನ್ನು ಮುಂದೆ ಆಡಳಿತ ಮಂಡಳಿಯಲ್ಲಿ ನವಗ್ರಹಗಳಿಗೂ ಒಂಬತ್ತು ಕುರ್ಚಿ ಹಾಕಿಸಿ, ನಡಾವಳಿ ಪುಸ್ತಕಕ್ಕೆ ಅವುಗಳ ಸಹಿ ಪಡೆಯುವುದು ಒಳ್ಳೆಯದು. ಹೊಣೆ ಯಾರದೆಂದು ಆಗ ಗೊಂದಲವಿರುವುದಿಲ್ಲ. ತುರ್ತು ರೋಗಿಗಳಿಂದ ಇನ್ನು ಮುಂಗಡ ಕೇಳುವುದಿಲ್ಲ ಎಂದು ಆಸ್ಪತ್ರೆ ಪ್ರಕಟಿಸಿತು. ಯೋಜನೆಯಲ್ಲಿ ಮೊದಲಿಂದ ಬರೆದಿದ್ದನ್ನೇ ಹೊಸ ತೀರ್ಮಾನವಾಗಿ ಹೊರಡಿಸಲು ಒಂದು ಸಾವು ಬೇಕಾಯಿತು.

ತಮ್ಮ ಸಮಾಜಸೇವೆಯ ಪಟ್ಟಿಯನ್ನು ಮಾಲೀಕರು ಓದಿಲ್ಲವೆಂದಲ್ಲ. ವಾರ್ಷಿಕ ವರದಿಯ ಹೊಳೆಯುವ ಕಾಗದದಲ್ಲಿ ಉಚಿತ ತಪಾಸಣಾ ಶಿಬಿರದ ಫೋಟೊಗಳಿವೆ: ಶಾಮಿಯಾನ, ರಿಬ್ಬನ್ನು, ಶಾಸಕರು, ಅವರ ಹಿಂದೆ ಇಣುಕುವ ಒಬ್ಬ ಮುದುಕ. ಶಿಬಿರದಲ್ಲಿ ಬಿಪಿ ನೋಡುವುದು ಉಚಿತ. ಪಕ್ಕದ ಮೇಜಿನ ಪ್ಯಾಕೇಜ್ ದರಪಟ್ಟಿ ನೋಡಿ ಏರುವ ಬಿಪಿಗೆ ಬೇರೆ ಚಾರ್ಜು. ತೆರಿಗೆ ಕಾನೂನೂ ತಮ್ಮ ಕೈಬಿಟ್ಟಿಲ್ಲ. ಟ್ರಸ್ಟ್ ತನ್ನ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಿದರೆ ವಿನಾಯಿತಿ ಉಳಿಯುತ್ತದೆ. ಹೊಸ ಎಂಆರ್‌ಐ ಯಂತ್ರ ತಂದರೂ ಬಳಕೆ, ಇನ್ನೊಂದು ಮಹಡಿ ಏರಿಸಿದರೂ ಬಳಕೆ. ಆ ಮಹಡಿಗೆ ಬಡವ ಹತ್ತಿದನೇ ಎಂದು ಕೇಳುವ ಕಾಲಂ ಅದರಲ್ಲಿಲ್ಲ.

ನರ್ಸುಗಳಿಗೆ ಸಂಬಳ ಕೊಡಬೇಕು, ಆಮ್ಲಜನಕ ಪುಕ್ಕಟೆ ಬರುವುದಿಲ್ಲ ಎಂಬುದು ಮಾಲೀಕರಿಗೂ ಗೊತ್ತು. ಎಲ್ಲರಿಗೂ ಎಲ್ಲವೂ ಉಚಿತ ಎಂದು ಅವರು ಕೇಳುತ್ತಿಲ್ಲ. ಕರಾರಿನಲ್ಲಿ ಬರೆದುಕೊಟ್ಟಷ್ಟು ಸಾಕು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಿಂದ ನಡೆಯುತ್ತಿರುವ ಸತ್ಯಸಾಯಿ ಆಸ್ಪತ್ರೆ ಹೃದಯ, ಮಿದುಳಿನ ಶಸ್ತ್ರಚಿಕಿತ್ಸೆಗಳನ್ನೇ ಹಣ ಪಡೆಯದೆ ಮಾಡುತ್ತದೆ. ಕಟ್ಟಡದ ನಕ್ಷೆ ಹಾಕುವಾಗ ಅಲ್ಲಿಯವರು ಬಿಲ್ಲಿಂಗ್ ಕೌಂಟರ್ ಮರೆತಿದ್ದಾರೆ. ದೇಣಿಗೆ ನಂಬಿ ಎಲ್ಲರೂ ಹಾಗೆ ನಡೆಸಲಾರರು, ನಿಜ. ಆದರೆ ಕೌಂಟರ್ ಇಟ್ಟುಕೊಂಡವರು ಅದರ ಪಕ್ಕ ಒಂದು ಫಲಕವನ್ನಾದರೂ ಇಡಬಹುದು: ಇಂದು ಉಚಿತ ಹಾಸಿಗೆ ಎಷ್ಟು, ಖಾಲಿ ಎಷ್ಟು, ಯಾರನ್ನು ಕೇಳಬೇಕು. ಕ್ರೋಟನ್ ಗಿಡದ ಮರೆಯಲ್ಲಿ ಬೇಡ. ಚೀಟಿ ಹಿಡಿದು ನಿಂತವರ ಕಣ್ಣೆತ್ತರಕ್ಕೆ, ಅವರು ಓದುವ ಭಾಷೆಯಲ್ಲಿ.

ಕರ್ನಾಟಕದಲ್ಲಿ ಹೊಣೆಗಾರಿಕೆ ಎಂದೊಡನೆ ಏನಾಗುತ್ತದೆಂದು 2017ರ ನವೆಂಬರಿನಲ್ಲಿ ಎಲ್ಲರೂ ನೋಡಿದರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ಬಂದಾಗ ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಮುಚ್ಚಿದವು, ವೈದ್ಯರು ಬೆಳಗಾವಿಯಲ್ಲಿ ಧರಣಿ ಕೂತರು. ಮಸೂದೆ ಸಾಕಷ್ಟು ಸಡಿಲಗೊಂಡು ಅಂಗೀಕಾರವಾಯಿತು. ಬಿಲ್ ಬಾಕಿಯಿದೆಯೆಂದು ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬ ಮಾತು ಅದರಲ್ಲಿ ಉಳಿದುಕೊಂಡಿತು.

ಆದಕಾರಣ, ಕಳೆದ ವರ್ಷ ಕೊಟ್ಟ ಉಚಿತ ಹಾಸಿಗೆಗಳ ಲೆಕ್ಕವನ್ನು, ಔಷಧಿ ಸೇರಿಸಿಯೋ ಸೇರಿಸದೆಯೋ ಎಂಬ ವಿವರದೊಂದಿಗೆ, ಮಾಲೀಕರಿಗೆ ಕೂಡಲೇ ಸಲ್ಲಿಸಬೇಕಾಗಿ ಕೋರಿದೆ.

ಇಂತಿ ತಮ್ಮ ವಿಧೇಯ,
ಜಮೀನಿನ ಮಾಲೀಕರ ಪರವಾಗಿ.

ಪ್ರತಿ: ಓದುಗರಿಗೆ, ಮುಂದಿನ ಕ್ರಮಕ್ಕಾಗಿ. ಬೆಂಗಳೂರಿನ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯ (ಸಿ.ಎ.) ನಿವೇಶನಗಳನ್ನು ಬಿಡಿಎ ಸಂಘಸಂಸ್ಥೆಗಳಿಗೆ 30 ವರ್ಷದ ಗುತ್ತಿಗೆಗೆ ಕೊಡುತ್ತದೆ. ನಿಮ್ಮ ಬಡಾವಣೆಯ ಟ್ರಸ್ಟ್ ಆಸ್ಪತ್ರೆ ಅಂಥ ಜಾಗದಲ್ಲಿದ್ದರೆ, ಗುತ್ತಿಗೆ ಪತ್ರದ ನಕಲನ್ನೂ ಅದರ ಷರತ್ತುಗಳನ್ನೂ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ.